ಮೇಸ್ತ್ರಿ ಕಂಡ ಬಿಸ್ಕತ್ತು ಬಣ್ಣ

ಮೇಸ್ತ್ರಿಯನ್ನು ನಾನು ಮೊದಲು ನೋಡಿದ ದಿನ ಅವರು ನಮ್ಮ ಮುಖವನ್ನೂ ನೋಡಲಿಲ್ಲ, ಗಾಡಿಯ ಮುಖವನ್ನೂ ನೋಡಲಿಲ್ಲ. ಅಂಗಡಿಯೊಳಗೆ ಸ್ಟೂಲಿನ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತು, ಹಳೇ ಬ್ರಷ್ಷಿನಿಂದ ಏನನ್ನೋ ಉಜ್ಜುತ್ತಿದ್ದರು. ಮಗಳು ಗಾಡಿಯನ್ನು ಬಾಗಿಲ ಹತ್ತಿರ ತಂದು ನಿಲ್ಲಿಸಿ ಕೀಲಿಗೆ ಕೈ ಹಾಕಿದಳು.

"ಆಫ್ ಮಾಡಬೇಡ. ಇರಲಿ ಹಾಗೇ," ಎಂದರು, ತಿರುಗದೆ.

ಇಂಜಿನ್ನು ಓಡುತ್ತಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ, "ಈಗ ಆಫ್ ಮಾಡು. ಹ್ಞಾಂ, ಇನ್ನೊಂದ್ಸಲ ಸ್ಟಾರ್ಟ್ ಮಾಡು," ಎಂದರು. ಮಾಡಿದಳು. "ಇನ್ನೊಂದ್ಸಲ." ಮಾಡಿದಳು. "ಇನ್ನೊಂದ್ಸಲ."

ಮಗಳು ನನ್ನ ಕಡೆ ಬಗ್ಗಿ, "ಅಮ್ಮ, ಸ್ಟ್ಯಾಂಡಿನವರು ಇಟ್ಟ ಹೆಸರು ಸುಳ್ಳಲ್ಲ," ಎಂದಳು.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವರಿಗೆ 'ಇನ್ನೊಂದ್ಸಲ ಮೇಸ್ತ್ರಿ' ಎಂದೇ ಹೆಸರು. ನನ್ನ ಗಂಡ ತೀರಿಕೊಂಡ ಮೇಲೆ ಅವರ ಬಾಡಿಗೆ ಗಾಡಿಯನ್ನು ಮಗಳು ಓಡಿಸುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಕೂತು ಗೋಡೆ ನೋಡುವುದೇಕೆ ಎಂದು ಬಾಡಿಗೆ ಇಲ್ಲದ ಹೊತ್ತಿನಲ್ಲಿ ನಾನೂ ಮುಂದಿನ ಸೀಟಿನಲ್ಲಿ ಇರುತ್ತಿದ್ದೆ. ಕೆಲವು ವಾರಗಳಿಂದ ಗಾಡಿ ಸಿಗ್ನಲ್ಲಿನಲ್ಲಿ ನಿಂತರೆ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಒಬ್ಬ ರಿಪೇರಿಯವನು ನಾಲ್ಕೂ ಪ್ಲಗ್ಗು ಬದಲಿಸಿದ. ಇನ್ನೊಬ್ಬ ಬ್ಯಾಟರಿ ಬದಲಿಸಿದ. ನಡುಕ ಮಾತ್ರ ಬದಲಾಗಲಿಲ್ಲ.

ಮೇಸ್ತ್ರಿ ಎದ್ದು ಬಂದರು. ಕುಳ್ಳಗಿನ ಆಳು, ಅಂಗಿಯ ಮೇಲೆ ಒಂದು ಎಣ್ಣೆ ಕಲೆಯೂ ಇರಲಿಲ್ಲ. ಬಾನೆಟ್ಟು ಎತ್ತಿ ಮಗಳಿಗೆ ಹೇಳಿದರು: "ನಾಲ್ಕು ಜನ ಸೇರಿ ಒಂದು ಬೀರು ಹೊತ್ಕೊಂಡು ಹೋಗ್ತಿದ್ದಾರೆ ಅಂತ ತಿಳ್ಕೊ. ಅದರಲ್ಲಿ ಒಬ್ಬ ಸುಮ್ನೆ ಕೈ ಇಟ್ಕೊಂಡಿದ್ದಾನೆ, ಹೊರ್ತಿಲ್ಲ. ಯಾರು ಅಂತ ಹೇಗೆ ಕಂಡುಹಿಡೀತೀಯಾ?"

"ಕೇಳಿದ್ರೆ ಎಲ್ಲರೂ ನಾನೇ ಹೊರ್ತಿರೋದು ಅಂತಾರೆ," ಎಂದಳು ಮಗಳು.

"ಅದಕ್ಕೇ ಕೇಳಬಾರದು. ಒಬ್ಬೊಬ್ಬರನ್ನೇ ಕೈ ಬಿಡು ಅನ್ನಬೇಕು. ಹೊರ್ತಿದ್ದೋನು ಬಿಟ್ರೆ ಬೀರು ವಾಲುತ್ತೆ. ಕಳ್ಳ ಬಿಟ್ರೆ ಏನೂ ಆಗಲ್ಲ."

ಇಂಜಿನ್ನು ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಳಚಿ ಮತ್ತೆ ಸಿಕ್ಕಿಸಿದರು. ಮೊದಲನೆಯದು ಕಳಚಿದಾಗ ಇಂಜಿನ್ನು ಕುಂಟಿತು. ಎರಡನೆಯದಕ್ಕೂ ಕುಂಟಿತು. ಮೂರನೆಯದನ್ನು ಕಳಚಿದರೆ ಶಬ್ದ ಇದ್ದ ಹಾಗೇ ಇತ್ತು. ಆ ಪ್ಲಗ್ಗನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲಿಟ್ಟರು. ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

ನಾನು ಕೇಳಿದ್ದಕ್ಕೆ ಸ್ಟವ್ವಿನ ಲೆಕ್ಕದಲ್ಲಿ ಬಿಡಿಸಿ ಹೇಳಿದರು. ಪೆಟ್ರೋಲು ಹೆಚ್ಚಾಗಿ ಗಾಳಿ ಸಾಲದಿದ್ದರೆ ಪಾತ್ರೆಯ ತಳ ಮಸಿ ಹಿಡಿದ ಹಾಗೆ ಪ್ಲಗ್ಗು ಕಪ್ಪಾಗುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದಿದ್ದರೆ ಒಣಗಿ ಬೆಳ್ಳಗಾಗುತ್ತದೆ. ಎರಡೂ ಹದವಾಗಿದ್ದರೆ ಬಿಸ್ಕತ್ತಿನ ಬಣ್ಣ. "ಮೂರನೇ ಮನೇಲಿ ಊಟ ಕಡಿಮೆ, ಗಾಳಿ ಜಾಸ್ತಿ. ಯಾಕೆ ಅಂತ ನೋಡಬೇಕು," ಎಂದರು.

ಪೆಟ್ರೋಲು ಚಿಮ್ಮುವ ಇಂಜೆಕ್ಟರನ್ನು ಮೂರನೆಯದರಿಂದ ತೆಗೆದು ಎರಡನೆಯದಕ್ಕೂ, ಎರಡನೆಯದನ್ನು ಮೂರಕ್ಕೂ ಹಾಕಿದರು. ತಪ್ಪು ಇಂಜೆಕ್ಟರಿನದಾಗಿದ್ದರೆ ಕಳ್ಳತನ ಎರಡನೇ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ, ಮೂರರಲ್ಲೇ ಉಳಿಯಿತು. "ಹಾಗಾದ್ರೆ ಕಳ್ಳ ಬಾಡಿಗೆಯವನಲ್ಲ. ಗೋಡೆಯಲ್ಲೇ ಕನ್ನ ಇದೆ," ಎಂದು, ಗಾಳಿ ಒಳಗೆ ಹೋಗುವ ಕೊಳವೆ ಇಂಜಿನ್ನಿಗೆ ಸೇರುವ ಸಂದಿಯಲ್ಲಿ ಎಣ್ಣೆ ಡಬ್ಬಿಯಿಂದ ಹನಿ ಹನಿ ಬಿಟ್ಟರು. ಮೂರನೆಯದರ ಸಂದಿಗೆ ಎಣ್ಣೆ ಬಿದ್ದದ್ದೇ ತಡ, ಅತ್ತೂ ಅತ್ತೂ ಸುಸ್ತಾದ ಮಗು ಬಾಯಿಗೆ ಹಾಲು ಬಿದ್ದ ಕೂಡಲೇ ಸುಮ್ಮನಾದ ಹಾಗೆ ಇಂಜಿನ್ನು ಸುಮ್ಮನಾಯಿತು. ಎಣ್ಣೆಯನ್ನು ಒಳಗೆ ಎಳೆದುಕೊಂಡು ಮತ್ತೆ ನಡುಗತೊಡಗಿತು. ಅಲ್ಲಿ ಸಂದಿ ಮುಚ್ಚುವ ಗ್ಯಾಸ್ಕೆಟ್ಟು ಬಿರುಕು ಬಿಟ್ಟಿತ್ತು. ಬದಲಿಸಿದರು. ಮಗಳಿಂದ ಮತ್ತೆ ಮೂರು ನಾಲ್ಕು ಸಲ ಸ್ಟಾರ್ಟ್ ಮಾಡಿಸಿ ಕಳಿಸಿದರು.

ಆಮೇಲೆ ನಮಗೆ ಅದೇ ಅಂಗಡಿ ಖಾಯಂ ಆಯಿತು. ಸಾಲಿನ ಕೊನೆಯ ಅಂಗಡಿ. ಮುಂದೆ ಶೆಡ್ಡು, ಹಿಂದೆ ಎರಡು ಕೋಣೆಯ ಮನೆ. ಬೋರ್ಡಿನ ಅಕ್ಷರ ಅರ್ಧ ಉದುರಿ ಹೋಗಿತ್ತು, ನನ್ನ ಓದಿಗೆ ಆ ಅರ್ಧವೇ ಸಾಕಾಗಿತ್ತು. ಮಗಳು ದೂರದ ಬಾಡಿಗೆಗೆ ಹೋಗುವಾಗ ನನ್ನನ್ನು ಅಲ್ಲಿ ಇಳಿಸುತ್ತಿದ್ದಳು. ನಾನು ಶೆಡ್ಡಿನ ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ, ಮೇಸ್ತ್ರಿಯ ಹೆಂಡತಿ ಚಹಾ ತರುತ್ತಿದ್ದಳು. ಅವಳ ಮಾತು ಚಹಾಕ್ಕಿಂತ ಬಿಸಿ. "ಅಕ್ಕಾ, ನಮ್ಮನೆಯವರು ಮದುವೆ ದಿನಾನೂ ಇನ್ನೊಂದ್ಸಲ ಯೋಚನೆ ಮಾಡ್ತೀನಿ ಅಂದಿದ್ರು," ಎನ್ನುವಳು. "ಮಾಡಬೇಕಿತ್ತು," ಎಂದು ಗಾಡಿಯ ಕೆಳಗಿನಿಂದ ಉತ್ತರ ಬರುವುದು.

ಹಲವು ವರ್ಷ ಹೀಗೇ ಹೋಯಿತು. ನನ್ನ ಎರಡೂ ಕಣ್ಣಿಗೆ ಪೊರೆ ಬಂದು, ಒಂದಾದ ಮೇಲೊಂದು ಆಪರೇಷನ್ ಆಯಿತು. ಚೇತರಿಸಿಕೊಂಡು ಮತ್ತೆ ಬೆಂಚಿಗೆ ಬಂದ ಸುಮಾರಿಗೆ ನಮ್ಮ ಗಾಡಿ ಮತ್ತೆ ಕಾಡತೊಡಗಿತು. ಈ ಸಲ ಏರಿನಲ್ಲಿ ಎಳೆಯುತ್ತಿರಲಿಲ್ಲ.

ಮೇಸ್ತ್ರಿ ನಾಲ್ಕೂ ಪ್ಲಗ್ಗು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಬಗ್ಗಿ ನೋಡಿ, "ಎರಡನೇದು ಒಂದೇ ಸರಿಯಾಗಿದೆ, ಬಿಸ್ಕತ್ತು ಬಣ್ಣ. ಉಳಿದ ಮೂರೂ ಮಸಿ. ಪೆಟ್ರೋಲು ಜಾಸ್ತಿ ಬರ್ತಿದೆ," ಎಂದರು. ಪೆಟ್ರೋಲಿನ ಒತ್ತಡ ಇಳಿಸಿ ಕಳಿಸಿದರು. ಗಾಡಿ ಇನ್ನೂ ಸೋತಿತು. ಮತ್ತೆ ತಂದೆವು. ಮತ್ತೆ ಬಿಚ್ಚಿದರು, ಮತ್ತೆ ಅದೇ ಮಾತು.

ಎದುರಿನಲ್ಲಿ ವೈರಿಂಗ್ ಅಂಗಡಿಯವನೊಬ್ಬ ಹೊಸದಾಗಿ ಬಂದಿದ್ದ. ಅವನ ಹತ್ತಿರ ಗಾಡಿಯ ಕಂಪ್ಯೂಟರು ಹೇಳುವುದನ್ನು ಓದುವ ಸ್ಕ್ಯಾನರ್ ಇತ್ತು. ಅದನ್ನು ಗಾಡಿಗೆ ಸಿಕ್ಕಿಸಿ ನೋಡಿ, "ಮೇಸ್ತ್ರಿ, ಕಂಪ್ಯೂಟರು ಪೆಟ್ರೋಲು ಸಾಲದು ಸಾಲದು ಅಂತ ತಾನೇ ಜಾಸ್ತಿ ಹಾಕ್ತಿದೆ. ನೀವು ನೋಡಿದ್ರೆ ಜಾಸ್ತಿಯಾಯ್ತು ಅಂತೀರಿ. ನಿಮ್ಮಿಬ್ಬರಲ್ಲಿ ಒಬ್ಬರು ಕುಡಿದಿದ್ದೀರಿ," ಎಂದ.

"ಅದಕ್ಕೇನು ಗೊತ್ತು? ನಾಲ್ಕೂ ಜನರ ಹೊಗೆ ಒಂದೇ ಕೊಳವೇಲಿ ಸೇರಿದ ಮೇಲೆ ಮೂಸಿ ನೋಡುತ್ತೆ. ಒಂದು ಮಗು ಅತ್ರೆ ನಾಲ್ಕಕ್ಕೂ ಹಾಲು ಕುಡಿಸೋ ತಾಯಿ ಅದು."

"ಅದನ್ನೇ ನಾನೂ ಹೇಳ್ತಿರೋದು. ಯಾವುದೋ ಒಂದು ಮಗು ಅಳ್ತಿದೆ. ಯಾವುದು ಅಂತ ನನ್ನ ಮೆಷಿನ್ನು ಹೇಳಲ್ಲ, ನೀವು ಹೇಳಬೇಕು."

ಮೇಸ್ತ್ರಿ ಮತ್ತೆ ಬಟ್ಟೆಯ ಮೇಲೆ ಬಗ್ಗಿದರು. ನಾನೂ ಎದ್ದು ಹೋಗಿ ನೋಡಿದೆ. ಅವರು ಸರಿಯಾಗಿದೆ ಎಂದ ಎರಡನೆಯ ಪ್ಲಗ್ಗು ಮೊದಲ ದಿನ ನೋಡಿದ್ದರ ಹಾಗೇ ಸುಣ್ಣದ ಬಣ್ಣಕ್ಕಿತ್ತು.

"ಮೇಸ್ತ್ರಿ, ಇದು ಬಿಳಿ," ಎಂದೆ.

"ಬಿಸ್ಕತ್ತು ಅಕ್ಕಾ."

"ಬಿಸ್ಕತ್ತಲ್ಲ. ಈ ಬಟ್ಟೆಗೂ ಇದಕ್ಕೂ ವ್ಯತ್ಯಾಸ ಇಲ್ಲ ನೋಡಿ."

"ಅದೇ ನಾನೂ ಹೇಳೋದು. ಬಟ್ಟೆನೂ ಹಳೇದಾಗಿ ಬಿಸ್ಕತ್ತು ಬಣ್ಣಕ್ಕೆ ಬಂದಿದೆ."

ಚಹಾ ತಂದಿದ್ದ ಹೆಂಡತಿ ಲೋಟ ಕೆಳಗಿಟ್ಟಳು. "ಹಳೇದಾ? ನಿನ್ನೆ ತಾನೇ ಹೊಸ ಬಟ್ಟೆ ಹರಿದು ಕೊಟ್ಟಿದ್ದು. ಅಕ್ಕಾ, ಬನಿಯನ್ನು ಹಳದಿಯಾಗಿದೆ, ಒಗೆಯೋಕೆ ಬರಲ್ವಾ ಅಂತ ಎಷ್ಟು ಕಾಲದಿಂದ ನನ್ನನ್ನು ಬೈತಿದ್ದಾರೆ ಗೊತ್ತಾ? ನೀಲಿ ಹಾಕಿ ಹಾಕಿ ನನ್ನ ಕೈಯೇ ನೀಲಿಯಾಯ್ತು!"

ವೈರಿಂಗಿನವನು ಸ್ಕ್ಯಾನರಿನ ವೈರು ಸುತ್ತತೊಡಗಿದ. ಕಣ್ಣಿಗೆ ಪೊರೆ ಬಂದರೆ ಮಂಜಾಗುತ್ತದೆ ಎಂದಷ್ಟೇ ಜನ ತಿಳಿದಿರುತ್ತಾರೆ. ನನಗೆ ಬಂದದ್ದು ಹಾಗಲ್ಲ. ಬಿಳಿಯೆಲ್ಲ ಹಳೇ ಕಾಗದದ ಹಾಗೆ ನಿಧಾನವಾಗಿ ಹಳದಿಗೆ ತಿರುಗಿತ್ತು, ಎಷ್ಟು ನಿಧಾನವೆಂದರೆ ತಿರುಗಿದ್ದೇ ಗೊತ್ತಾಗಿರಲಿಲ್ಲ. ಆಪರೇಷನ್ನಿನ ಪಟ್ಟಿ ಬಿಚ್ಚಿದ ಮೇಲೆಯೇ ಬಿಳಿ ಅಂದರೆ ಏನೆಂದು ನೆನಪಾದದ್ದು. ಮೇಸ್ತ್ರಿಗೆ ಅದನ್ನು ಹೇಳಿದೆ. ಅವರು ಪ್ಲಗ್ಗನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಲೇ ಇದ್ದರು.

ಆ ದಿನ ಗಾಡಿಯ ಕೆಲಸ ಮುಗಿಸಿದ್ದು ಅವರ ಕೈ ಮತ್ತು ಹೆಂಡತಿಯ ಕಣ್ಣು. ಎರಡನೆಯ ಇಂಜೆಕ್ಟರನ್ನು ನಾಲ್ಕಕ್ಕೆ ಹಾಕಿ, ಮಗಳಿಂದ ಏರು ಹತ್ತಿಸಿ ತರಿಸಿ, ಪ್ಲಗ್ಗು ಬಿಚ್ಚಿ ಹೆಂಡತಿಯ ಮುಂದೆ ಹಿಡಿದರು. "ಈಗ ನಾಲ್ಕನೇದು ಬಿಳಿ ಆಗ್ತಾ ಬಂದಿದೆ ರೀ, ಎರಡನೇದು ಅಲ್ಲ," ಎಂದಳು ಅವಳು. ಇಂಜೆಕ್ಟರಿನ ತೂತು ಕಟ್ಟಿಕೊಂಡಿತ್ತು. ಹೊಸದು ಹಾಕಿದರು, ಇಳಿಸಿದ್ದ ಒತ್ತಡವನ್ನು ಮೊದಲಿನ ಹಾಗೆ ಮಾಡಿದರು. ಇಷ್ಟು ದಿನ ಹಸಿದವನನ್ನು ಗುಂಡುಕಲ್ಲಿನ ಹಾಗಿದ್ದಾನೆ ಎಂದುಕೊಂಡು, ತಿಂದುಂಡವರಿಗೆ ಉಪವಾಸ ಹಾಕಿದ್ದರು.

ಆಪರೇಷನ್ನಿಗೆ ಮಾತ್ರ ಸುತರಾಂ ಒಪ್ಪಲಿಲ್ಲ. "ಒಂದು ಸಲ ಹೆಡ್ಡು ಬಿಚ್ಚಿದ ಇಂಜಿನ್ನು ಮೊದಲಿನ ಹಾಗೆ ಕೂರಲ್ಲ ಅಕ್ಕಾ. ಕಣ್ಣೂ ಅಷ್ಟೇ."

"ಇವರ ಹೆಡ್ಡು ಯಾವತ್ತು ಸರಿಯಾಗಿ ಕೂತಿತ್ತು?" ಎಂದಳು ಹೆಂಡತಿ. ಕೊನೆಗೆ ಅವಳೇ ಎಳೆದುಕೊಂಡು ಹೋದಳು.

ಪಟ್ಟಿ ಬಿಚ್ಚಿದ ಮೇಲೆ ನಾನು ನೋಡಲು ಹೋಗಿದ್ದೆ. ಮೇಸ್ತ್ರಿ ಹಿಂದಿನ ಕೋಣೆಯಲ್ಲಿ ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಅದನ್ನು ಸ್ವಲ್ಪ ಸರಿಸಿ ಹೆಂಡತಿಯನ್ನು ನೋಡಿ, "ನಿನ್ನ ಕೂದಲು ಯಾವಾಗ ಇಷ್ಟು ಬೆಳ್ಳಗಾಯ್ತೇ?" ಎಂದು ಕೇಳಿದರು.

"ಯಾಕೆ, ಬಿಸ್ಕತ್ತು ಬಣ್ಣ ಅಂದ್ಕೊಂಡಿದ್ರಾ?"

ಅವಳು ಒಳಗೆ ಹೋದ ಮೇಲೆ ಅವರು ಮೆಲ್ಲಗೆ ಹೇಳಿದರು: "ಅಕ್ಕಾ, ಈ ಕಣ್ಣಲ್ಲಿ ನೋಡಿ ಸರಿಯಾಗಿದೆ ಅಂತ ಕಳಿಸಿದ ಗಾಡಿಗಳ ಗತಿ ಏನು?"

ಅದು ಸುಮ್ಮನೆ ಕೇಳಿದ ಮಾತಲ್ಲ ಎಂದು ಆಮೇಲೆ ತಿಳಿಯಿತು. ಪೆಟ್ರೋಲು ಹೆಚ್ಚಾದ ಇಂಜಿನ್ನು ಹೊಗೆ ಬಿಟ್ಟು ಊರಿಗೆಲ್ಲ ಸಾರುತ್ತದೆ. ಕಡಿಮೆಯಾದದ್ದು ಹಾಗೆ ಮಾಡುವುದಿಲ್ಲ. ಓಡುತ್ತದೆ, ಹೊಗೆಯಿಲ್ಲ, ಓಡಿಸುವವರಿಗೆ ಒಂದಿಷ್ಟು ಉಳಿತಾಯವಾದ ಹಾಗೂ ಕಾಣುತ್ತದೆ. ಒಳಗೆ ಮಾತ್ರ ಉರಿ ಏರುತ್ತಾ ಹೋಗಿ, ವಾಲ್ವಿನ ಅಂಚು ಸುಟ್ಟು, ಒಂದು ದಿನ ಪಿಸ್ಟನ್ನಿನ ತಲೆ ತೂತಾಗುತ್ತದೆ. ಎಲ್ಲಿ ನಿಲ್ಲುತ್ತದೆ ಎಂದು ಹೇಳುವ ಹಾಗಿಲ್ಲ. ಹಳದಿ ಕಣ್ಣಿನಲ್ಲಿ ಬಿಳಿ ಪ್ಲಗ್ಗೇ ಸರಿಯೆಂದು ಕಂಡದ್ದರಿಂದ, ಮೇಸ್ತ್ರಿ ಎಷ್ಟೋ ಗಾಡಿಗಳನ್ನು ಆ ಬಣ್ಣ ಬರುವ ತನಕ ಉಪವಾಸ ಹಾಕಿ ಕಳಿಸಿದ್ದರು.

ಅವರು ಎಲ್ಲ ಗಾಡಿಗಳನ್ನೂ ವಾಪಸು ಕರೆಯುತ್ತೇನೆ ಎಂದಾಗ ಹೆಂಡತಿ ನನ್ನ ಮುಂದೆಯೇ ಜಗಳಕ್ಕೆ ನಿಂತಳು. "ನನಗೆ ಕಣ್ಣು ಕಾಣ್ತಿರಲಿಲ್ಲ, ಕಾಣದೇನೇ ನಿಮ್ಮ ಗಾಡಿ ರಿಪೇರಿ ಮಾಡಿದೆ ಅಂತ ಡಂಗುರ ಹೊಡೀತೀರಾ? ಆಮೇಲೆ ಯಾವ ನಾಯಿ ಬರುತ್ತೆ ಈ ಬಾಗಿಲಿಗೆ?"

"ಬರದಿದ್ರೆ ಬೇಡ."

"ಬೇಡ ಅಂದ್ರೆ ಒಲೆ ಉರಿಯುತ್ತಾ?"

"ಅಲ್ಲಿ ಅವರ ಇಂಜಿನ್ನು ಉರೀತಿದೆಯಲ್ಲೇ."

ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಹೊಸ ಬಿಳಿ ಬಟ್ಟೆ ಹರಿದು ಬೆಂಚಿನ ಮೇಲಿಟ್ಟಳು.

ಅವರ ಹತ್ತಿರ ಗಿರಾಕಿಗಳ ಹೆಸರು ನಂಬರು ಏನೂ ಇರಲಿಲ್ಲ. ಅವರು ಗಾಡಿಗಳನ್ನು ನೆನಪಿಟ್ಟದ್ದು ರೋಗದಿಂದ. ಬೆಳಿಗ್ಗೆ ಕೆಮ್ಮುವ ಹಾಲಿನವನ ವ್ಯಾನು, ಗೇರು ಬದಲಿಸುವಾಗ ಬಿಕ್ಕಳಿಸುವ ದರ್ಜಿಯ ಕಾರು, ಹೀಗೆ. ನನ್ನ ಮಗಳು ಸ್ಟ್ಯಾಂಡಿನಲ್ಲಿ ಸುದ್ದಿ ಹಾಕಿದಳು. ಸುದ್ದಿಗೆ ಕಾಲು ಬಂತು. ಕೆಲವರು ಬಂದರು, ಕೆಲವರು ನಕ್ಕರು, ಕೆಲವರು ಬೇರೆ ಅಂಗಡಿಗೆ ಹೋದವರು ತಿರುಗಿ ನೋಡಲಿಲ್ಲ. ದರ್ಜಿಯಂತೂ ಬಂದವನೇ, "ಮೇಸ್ತ್ರಿ, ನನ್ನ ಕಣ್ಣು ಹೋದ್ರೆ ನಿಮ್ಮ ಪ್ಯಾಂಟಿನ ಒಂದು ಕಾಲು ಗಿಡ್ಡ ಆಗುತ್ತೆ, ಅಷ್ಟೇ. ನೀವು ನನ್ನ ಗಾಡಿ ಕಾಲೇ ಮುರಿಯೋ ಹಾಗೆ ಮಾಡಿದ್ರಲ್ಲ!" ಎಂದ. ಮೇಸ್ತ್ರಿ ಹೌದೆಂದು ಬಾನೆಟ್ಟು ಎತ್ತಿದರು. ಆ ಕೆಲಸಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ವೈರಿಂಗಿನವನೂ ಸ್ಕ್ಯಾನರ್ ಹಿಡಿದು ಜೊತೆಗೆ ನಿಂತ. ಮನೆಯಲ್ಲಿ ಅಳು ಇದೆಯೋ ಇಲ್ಲವೋ ಎಂದು ಅವನು ಹೇಳುವುದು, ಯಾವ ಮಗು ಎಂದು ಇವರು ಹುಡುಕುವುದು. ಬೇರೆ ಕೆಲಸ ಕಡಿಮೆಯಾದ್ದರಿಂದ ಇಬ್ಬರಿಗೂ ಬೇಕಾದಷ್ಟು ಬಿಡುವಿತ್ತು.

ಒಂದು ವಾಲ್ವು ಆಗಲೇ ಸುಟ್ಟಿತ್ತು, ತಾವೇ ಹೊಸದು ಹಾಕಿಕೊಟ್ಟರು. ಉಳಿದವನ್ನು ಸುಡುವ ಮೊದಲೇ ಹಿಡಿದರು. ಹೀಗೆ ಒಂದೊಂದೇ ಬಂದು, ಕೊನೆಗೆ ಪತ್ತೆಯೇ ಇಲ್ಲದ ಗಾಡಿ ಒಂದೇ ಉಳಿಯಿತು. ಅದು ಆಸ್ಪತ್ರೆಯ ಒಬ್ಬ ನರ್ಸಮ್ಮನದು.

ಹಿಂದೆ ಆ ಗಾಡಿ ರಿಪೇರಿಗೆ ಬಂದಿದ್ದ ದಿನ ನಾನೂ ಬೆಂಚಿನ ಮೇಲಿದ್ದೆ. ಮೇಸ್ತ್ರಿಯ ಹೆಂಡತಿ ಆಗ ತವರಿಗೆ ಹೋಗಿದ್ದಳು, ವೈರಿಂಗಿನವನು ಇನ್ನೂ ಅಂಗಡಿ ಹಾಕಿರಲಿಲ್ಲ. ಚಿಕ್ಕ ಹಳೇ ಕಾರು, ಹಸಿರು ಬಣ್ಣದ್ದು. ಅದಕ್ಕೆ ಕಂಪ್ಯೂಟರು ಇಲ್ಲ, ಗಾಳಿ ಪೆಟ್ರೋಲು ಬೆರೆಸುವ ಹಳೇ ಕಾಲದ ಕಾರ್ಬುರೇಟರು. ಮೇಸ್ತ್ರಿ ಪ್ಲಗ್ಗು ನೋಡಿ ಪೆಟ್ರೋಲು ಹೆಚ್ಚೆಂದು ಹೇಳಿ, ಪೆಟ್ರೋಲು ಬರುವ ಹಿತ್ತಾಳೆಯ ಜೆಟ್ಟನ್ನು ತೆಗೆದು ಇನ್ನೂ ಸಣ್ಣ ತೂತಿನದು ಹಾಕಿದ್ದರು. ನರ್ಸಮ್ಮ ಒಂದು ಸುತ್ತು ಓಡಿಸಿ ಬಂದು, "ಏರಿನಲ್ಲಿ ಏನೋ ಕಿಣಿಕಿಣಿ ಅಂತ ಹಾಡುತ್ತಲ್ಲ ಮೇಸ್ತ್ರಿ?" ಎಂದಿದ್ದಳು.

"ಹಾಡಲಿ ಬಿಡಿ ಸಿಸ್ಟರ್, ಖುಷಿಯಾಗಿದೆ," ಎಂದಿದ್ದರು ಇವರು.

ಆ ಕಿಣಿಕಿಣಿ ಹಸಿದ ಇಂಜಿನ್ನಿನದು ಎಂದು ಅವರ ಕಿವಿಗೆ ಗೊತ್ತಿತ್ತು. ಕಣ್ಣು ಸರಿಯಿದೆ ಎಂದಿದ್ದರಿಂದ ಕಿವಿಯ ಮಾತು ಕೇಳಲಿಲ್ಲ. ಅದೊಂದನ್ನೇ ಅವರು ನನ್ನ ಹತ್ತಿರ ಮತ್ತೆ ಮತ್ತೆ ಹೇಳಿದ್ದು. "ರಾತ್ರಿ ಡ್ಯೂಟಿ ಮುಗಿಸಿ ಒಬ್ಬಳೇ ಬರೋ ಹೆಂಗಸು ಅಕ್ಕಾ. ನಾನು ಕೊಟ್ಟ ಗಾಡಿ ಅದು."

ನರ್ಸಮ್ಮ ಕೆಲಸ ಬಿಟ್ಟು ಬೇರೆ ಊರಿಗೆ ಹೋಗಿದ್ದಳು. ಹೋಗುವಾಗ ಗಾಡಿಯನ್ನು ಯಾರಿಗೋ ಮಾರಿದ್ದಳು, ಯಾರಿಗೆಂದು ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಕೊಟ್ಟ ಅವಳ ನಂಬರಿಗೆ ಫೋನು ಮಾಡಿದರೆ ಬೇರೆಯವರು ಎತ್ತಿದರು. ಆದರೆ ಗಾಡಿ ಊರಿನಲ್ಲೇ ಇದೆ ಎಂದು ಒಬ್ಬ ಕಾವಲುಗಾರ ಹೇಳಿದ. ಅಂದಿನಿಂದ ಸ್ಟ್ಯಾಂಡಿನ ಡ್ರೈವರುಗಳಿಗೆಲ್ಲ ಒಂದು ಹೆಚ್ಚಿನ ಕೆಲಸ ಬಂತು: ಚಿಕ್ಕ ಹಸಿರು ಕಾರು ಕಂಡರೆ ನಿಲ್ಲಿಸಿ ಕೇಳುವುದು. ಮಗಳೂ ನಾನೂ ಕಂಡ ಕಂಡ ಹಸಿರು ಕಾರಿನ ಹಿಂದೆ ಹೋದೆವು. ಒಂದು ಬೇಕರಿಯವನದು, ಒಂದು ಡ್ರೈವಿಂಗ್ ಕಲಿಸುವವರದು, ಒಬ್ಬ ಮುದುಕ ಮಾತ್ರ ನಾವು ಕಳ್ಳರೆಂದು ತಿಳಿದು ಕಿಟಕಿ ಏರಿಸಿಕೊಂಡ. ಯಾವುದೂ ಅಲ್ಲ. ನಾನು ಹೋದಾಗಲೆಲ್ಲ ಮೇಸ್ತ್ರಿ, "ಕಂಡ್ರಾ ಅಕ್ಕಾ?" ಎನ್ನುವರು. ನಾನು ಇಲ್ಲವೆಂದು ತಲೆಯಾಡಿಸುವೆ. ಅವರು ಕೆಲಸಕ್ಕೆ ಬಗ್ಗುವರು.

ಮರುವರ್ಷದ ಬೇಸಿಗೆಯಲ್ಲಿ ಮೇಸ್ತ್ರಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಶೆಡ್ಡನ್ನು ಈಗ ವೈರಿಂಗಿನವನು ಹಿಡಿದಿದ್ದಾನೆ, ಮೇಸ್ತ್ರಿಯ ಹೆಂಡತಿ ಹಿಂದಿನ ಕೋಣೆಗಳಲ್ಲೇ ಇದ್ದಾಳೆ. ಪ್ಲಗ್ಗಿನ ಬಣ್ಣ ನೋಡಲು ಅವನು ಅವಳನ್ನೇ ಕರೆಯುತ್ತಾನೆ.

ಮೇಸ್ತ್ರಿಯನ್ನು ನಾನು ಕೊನೆಯ ಸಲ ನೋಡಿದ್ದು ಅವರು ಮಲಗುವುದಕ್ಕೆ ಸ್ವಲ್ಪ ಮುಂಚೆ, ಒಂದು ಮಧ್ಯಾಹ್ನ. ಮಗಳು ನನ್ನನ್ನು ಇಳಿಸಿ ಬಾಡಿಗೆಗೆ ಹೋಗಿದ್ದಳು. ಹಾಲಿನವನು ತನ್ನ ವ್ಯಾನು ಬಿಟ್ಟು ತಮ್ಮನ ಕಾರು ತಂದಿದ್ದ. ಅದೂ ಮೇಸ್ತ್ರಿಯ ಹಳೇ ಗಿರಾಕಿಯೇ, ಬಹಳ ದಿನ ಮನೆಯಲ್ಲಿ ನಿಂತೇ ಇದ್ದ ಗಾಡಿ.

ಮೇಸ್ತ್ರಿ ಅದರ ಸುತ್ತ ಒಂದು ಸಲ ಬಂದು, "ಬಣ್ಣ ಯಾವಾಗ ಹೊಡೆಸಿದ್ರಪ್ಪಾ? ಹಸಿರೇ ಚೆನ್ನಾಗಿತ್ತು," ಎಂದರು.

"ಹಸಿರಾ? ಇದು ಹುಟ್ಟಿದಾಗಿಂದ ನೀಲಿನೇ ಮೇಸ್ತ್ರಿ," ಎಂದ ಹಾಲಿನವನು.

ಮೇಸ್ತ್ರಿ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಹಳದಿ ಗಾಜಿನ ಹಿಂದಿನಿಂದ ನೋಡಿದರೆ ನೀಲಿ ಹಸಿರಾಗಿ ಕಾಣುತ್ತದೆ. ಅದು ಅವರಿಗೆ ಹೊಳೆದದ್ದೂ ನನಗೆ ಹೊಳೆದದ್ದೂ ಹೆಚ್ಚು ಕಡಿಮೆ ಒಟ್ಟಿಗೇ ಇರಬೇಕು. ಅವರು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

"ನರ್ಸಮ್ಮನ ಗಾಡಿ ನೀವೂ ನೋಡಿದ್ರಲ್ಲ ಅಕ್ಕಾ. ಹಸಿರು ತಾನೇ?"

"ಹಸಿರೇ," ಎಂದೆ. "ಇಲ್ಲೇ ಕೂತಿದ್ದೆನಲ್ಲ, ಚೆನ್ನಾಗಿ ನೋಡಿದ್ದೀನಿ."

ಅವರು ನೀಲಿ ಗಾಡಿಯ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಆವತ್ತಿಗೆ ನಿಮ್ಮ ಕಣ್ಣಿನ ಆಪರೇಷನ್ ಆಗಿತ್ತಾ ಅಕ್ಕಾ?"